ಇಂಜಿನ್ ಓಡುತ್ತಿದ್ದರೂ ಸ್ಟಾಲ್ ಏಕೆ?



ಕಳೆದ ತಿಂಗಳು ನಮ್ಮ ಸಂಘದ ಸಭೆಯಲ್ಲಿ ನಿಮ್ಮಲ್ಲೊಬ್ಬ ಕೇಳಿದ: "ಆಂಟಿ, ಇಂಜಿನ್ ಜೋರಾಗಿ ಓಡುತ್ತಿದ್ದರೂ ವಿಮಾನ ಸ್ಟಾಲ್ ಆಗುತ್ತದಂತೆ, ನಿಜವೇ?" ಅವನಿಗೆ ದುಂಡಿಗಲ್‌ನ ವಾಯುಪಡೆ ಅಕಾಡೆಮಿ ಸೇರುವ ಆಸೆ, ಅವರಮ್ಮನಿಗೆ ಭಯ. ನಾನು ಓದಿದ್ದು ಬಿ.ಎ. ಇಂಗ್ಲಿಷ್. ಆದರೂ ಓದಿ ತಿಳಿದುಕೊಂಡದ್ದನ್ನು ಹೇಳುತ್ತೇನೆ.

ಕಾರು ಸ್ಟಾಲ್ ಆದರೆ ನಿಂತದ್ದು ಇಂಜಿನ್. ವಿಮಾನದಲ್ಲಿ ಸ್ಟಾಲ್ ಆಗುವುದು ರೆಕ್ಕೆ. ಓಡುವ ಬಸ್ಸಿನ ಕಿಟಕಿಯಿಂದ ಅಂಗೈ ಚಾಚಿದ್ದೀರಲ್ಲ (ಅಮ್ಮ ನೋಡದಿದ್ದಾಗ)? ಸ್ವಲ್ಪ ಓರೆ ಮಾಡಿದರೆ ಗಾಳಿ ಕೈಯನ್ನು ಮೇಲೆತ್ತುತ್ತದೆ. ತೀರಾ ಓರೆ ಮಾಡಿದರೆ ಹಿಂದಕ್ಕೆ ತಳ್ಳುತ್ತದೆ ಅಷ್ಟೆ. ರೆಕ್ಕೆಯೂ ಎದುರು ಗಾಳಿಗೆ ಸುಮಾರು 15 ಡಿಗ್ರಿ ಮೀರಿ ಓರೆಯಾದರೆ, ಅದರ ಮೇಲ್ಮೈಗೆ ಅಂಟಿ ಹರಿಯುತ್ತಿದ್ದ ಗಾಳಿ ಬಿಟ್ಟುಕೊಳ್ಳುತ್ತದೆ.

ಇಂಜಿನ್ನಿನ ಪಾತ್ರವೇನು? ಪ್ರೊಪೆಲ್ಲರ್ ಹಿಂದಕ್ಕೆ ತಳ್ಳುವ ಗಾಳಿ ರೆಕ್ಕೆಯ ಬುಡಕ್ಕೂ ಬಾಲಕ್ಕೂ ಬೀಸುತ್ತದೆ. ಮೂತಿ ಮೇಲಿರುವಾಗ ಅದರ ಎಳೆತವೂ ಸ್ವಲ್ಪ ಭಾರ ಹೊರುತ್ತದೆ. ಹಾಗಾಗಿ ಪವರ್ ಇದ್ದರೆ ವಿಮಾನ ಇನ್ನೂ ಕಡಿಮೆ ವೇಗದಲ್ಲಿ ಹಾರಬಲ್ಲದು. ಒಳ್ಳೆಯದೇ ಆಯಿತಲ್ಲ ಅನ್ನುತ್ತೀರಿ. ತೊಂದರೆ ಇರುವುದೇ ಅಲ್ಲಿ! ಪವರ್ ಇಲ್ಲದ ಸ್ಟಾಲಿನಲ್ಲಿ ವಿಮಾನ ಸಾಮಾನ್ಯವಾಗಿ ನಡುಗಿ ಎಚ್ಚರಿಸಿ, ಮೆಲ್ಲಗೆ ಮೂತಿ ತಗ್ಗಿಸುತ್ತದೆ. ಪವರ್ ಇದ್ದಾಗ ಮೂತಿ ಆಕಾಶ ನೋಡುತ್ತಿರುತ್ತದೆ, ಎಚ್ಚರಿಕೆಯ ನಡುಕ ಕಡಿಮೆ, ಕುಸಿತ ಜೋರು. ಬುಡಕ್ಕೆ ಸಿಕ್ಕ ಗಾಳಿ ರೆಕ್ಕೆಯ ತುದಿಗೆ ಸಿಗುವುದಿಲ್ಲ. ಪೈಲಟ್‌ಗೆ ಕಾಣುವಂತೆ ಪ್ರೊಪೆಲ್ಲರ್ ಬಲಕ್ಕೆ ಸುತ್ತಿದರೆ ಮೂತಿ ಎಡಕ್ಕೆ ಎಳೆಯುತ್ತದೆ. ಬಲಗಾಲಿನಿಂದ ರಡ್ಡರ್ ಒತ್ತಿ ಅದನ್ನು ನೇರ ಹಿಡಿಯದಿದ್ದರೆ ಒಂದು ರೆಕ್ಕೆ ಸಟ್ಟನೆ ಕುಸಿದು, ವಿಮಾನ ಬುಗುರಿಯಂತೆ ಸುತ್ತುತ್ತ ಬೀಳಬಹುದು. ಅದೇ ಸ್ಪಿನ್. ಬೀದರಿನ ಹಾಕ್ ಜೆಟ್‌ಗಳಿಗೆ ಈ ಪ್ರೊಪೆಲ್ಲರ್ ಕಾಟವಿಲ್ಲ.

ನಮ್ಮ ದುಂಡಿಗಲ್‌ನಲ್ಲಿ ಮೊದಲು ಬೆಂಗಳೂರಿನ ಎಚ್‌ಎಎಲ್‌ನ ಎಚ್‌ಪಿಟಿ-32 ವಿಮಾನವಿತ್ತು. 260 ಎಚ್‌ಪಿ ಇಂಜಿನ್. ಅದರ ಕಾಯಿಲೆ ಬೇರೆ: ಹಾರುವಾಗಲೇ ಇಂಜಿನ್ ನಿಂತುಬಿಡುತ್ತಿತ್ತು. 2009ರಲ್ಲಿ ಇಬ್ಬರು ಪೈಲಟ್‌ಗಳು ತೀರಿಕೊಂಡ ಮೇಲೆ ಅದರ ಹಾರಾಟ ನಿಲ್ಲಿಸಿದರು. 2013ರಲ್ಲಿ ಸ್ವಿಟ್ಜರ್‌ಲೆಂಡಿನ ಪಿಲಾಟಸ್ ಬಂತು, 700 ಎಚ್‌ಪಿ! ಇಷ್ಟು ಶಕ್ತಿಯಿದ್ದರೆ ಬಲಗಾಲಿಗೂ ಹೆಚ್ಚು ಕೆಲಸ. 2016ರಲ್ಲಿ ಮೊದಲು ಹಾರಿದ ಎಚ್‌ಎಎಲ್‌ನ ಎಚ್‌ಟಿಟಿ-40 ವಿಮಾನವನ್ನೂ ವರ್ಷಗಟ್ಟಲೆ ಸ್ಪಿನ್ ಪರೀಕ್ಷೆಗೆ ಒಳಪಡಿಸಿದರು.

ಸ್ಟಾಲ್ ಆದರೆ ಥ್ರಾಟಲ್ ಒತ್ತೋಣ ಎನಿಸುವುದು ಸಹಜ. ಆದರೆ ಮೊದಲು ಸ್ಟಿಕ್ ಮುಂದಕ್ಕೆ ತಳ್ಳಿ ರೆಕ್ಕೆಯ ಓರೆ ಇಳಿಸಬೇಕು. ಪವರ್ ಆಮೇಲೆ.

ಇದನ್ನೆಲ್ಲ ಹೇಳಿದಾಗ ಆ ಹುಡುಗನ ಅಮ್ಮ, "ಕೆಳಗೆ ಜಾಗವೇ ಇಲ್ಲದಿದ್ದರೆ?" ಎಂದರು. ಅದಕ್ಕೇ ಮೊದಲು ಸಾಕಷ್ಟು ಎತ್ತರದಲ್ಲಿ, ಜೊತೆಗೆ ಶಿಕ್ಷಕರು ಕೂತು ಮತ್ತೆ ಮತ್ತೆ ಮಾಡಿಸುತ್ತಾರೆ ಎಂದೆ. ಅವರಿನ್ನೂ ಒಪ್ಪಿಲ್ಲ.