ಪ್ರಯೋಗಶಾಲೆಯಾಚೆ: ಡಬ್ಬಿಯೊಳಗಿನ ದೆವ್ವ

ಮಕ್ಕಳು ಮಲಗಿದ ಮೇಲೆ ನೋಡಲು ಒಂದು ಹಳೆಯ ಚಿತ್ರ ಸೂಚಿಸಿ ಎಂದು ಕೆಲವು ಸದಸ್ಯರು ಕೇಳಿದ್ದಾರೆ. ಈ ಸಲ ನನ್ನ ಶಿಫಾರಸು 1932ರ ‘ದಿ ಓಲ್ಡ್ ಡಾರ್ಕ್ ಹೌಸ್’. ಹಿಂದಿನ ವರ್ಷವಷ್ಟೇ ‘ಫ್ರಾಂಕೆನ್‌ಸ್ಟೈನ್’ ತೆಗೆದು ಹೆಸರಾಗಿದ್ದ ಜೇಮ್ಸ್ ವೇಲ್ ಇದರ ನಿರ್ದೇಶಕರು. ಅಲ್ಲಿ ರಾಕ್ಷಸನಾಗಿದ್ದ ಬೋರಿಸ್ ಕಾರ್ಲಾಫ್ ಇಲ್ಲಿ ಮಾತು ಬಾರದ ಆಳು.

ವೇಲ್ಸ್‌ನ ಬೆಟ್ಟಗಳಲ್ಲಿ ಬಿರುಮಳೆಗೆ ಸಿಕ್ಕ ಪ್ರಯಾಣಿಕರು ಒಂಟಿ ಮನೆಯೊಂದರ ಬಾಗಿಲು ತಟ್ಟುತ್ತಾರೆ. ಒಳಗಿರುವುದು ದೆವ್ವವಲ್ಲ, ಸಂಸಾರ! ಅಂಜುಬುರುಕ ಯಜಮಾನ, ಕಿವಿ ಮಂದವಾದ ಸೋದರಿ, ಮಹಡಿಯಲ್ಲಿ ಹಾಸಿಗೆ ಹಿಡಿದ 102 ವರ್ಷದ ತಂದೆ (ಈ ಮುದುಕನ ಪಾತ್ರ ಮಾಡಿದ್ದು ಒಬ್ಬ ಮಹಿಳೆ), ಬೀಗ ಹಾಕಿಟ್ಟ ಕೋಣೆಯಲ್ಲಿ ಬೆಂಕಿಯ ಹುಚ್ಚಿನ ಮತ್ತೊಬ್ಬ ಸೋದರ. ನಗು ಭಯ ಎರಡೂ ಉಂಟು.

ಈ ಚಿತ್ರ ಬಹಳ ಕಾಲ ಕಾಣೆಯಾಗಿತ್ತು. ವೇಲ್ ಅವರ ಗೆಳೆಯ, ನಿರ್ದೇಶಕ ಕರ್ಟಿಸ್ ಹ್ಯಾರಿಂಗ್ಟನ್ ಅವರು ಪಟ್ಟುಬಿಡದೆ ವಿಚಾರಿಸಿ, 1968ರಲ್ಲಿ ಯೂನಿವರ್ಸಲ್ ಕಂಪನಿಯ ಉಗ್ರಾಣದಲ್ಲಿ ನೆಗೆಟಿವ್ ಪತ್ತೆ ಮಾಡಿಸಿದರು. ಅಷ್ಟರಲ್ಲಿ ಮೊದಲ ರೀಲು ಕೆಟ್ಟಿತ್ತು.

ಏಕೆ ಕೆಟ್ಟಿತು ಎಂಬುದು ನನ್ನ ಕಸುಬಿನ ಮಾತು. ಆಗಿನ ಫಿಲ್ಮು ಸೆಲ್ಯುಲೋಸ್ ನೈಟ್ರೇಟ್, ಸಿಡಿಮದ್ದಿನ ಹತ್ತಿರದ ನೆಂಟ. ಅದು ತಾನಾಗಿಯೇ ಮೆಲ್ಲಗೆ ವಿಭಜನೆಯಾಗಿ ನೈಟ್ರೋಜನ್ ಆಕ್ಸೈಡುಗಳನ್ನು ಬಿಡುತ್ತದೆ. ಇವು ತೇವದೊಡನೆ ಸೇರಿ ನೈಟ್ರಿಕ್ ಆಮ್ಲವಾಗುತ್ತವೆ. ಆಮ್ಲ ಉಳಿದ ಫಿಲ್ಮನ್ನು ಇನ್ನೂ ಬೇಗ ತಿನ್ನುತ್ತದೆ. ಬಿಗಿಯಾಗಿ ಮುಚ್ಚಿದರೆ ಅನಿಲ ಒಳಗೇ ಉಳಿದು ಕೇಡು ಹೆಚ್ಚು. ನಮ್ಮ ಅಜ್ಜಿಯರ ಉಪ್ಪಿನಕಾಯಿ ಜಾಡಿಯ ಸೂತ್ರ ಇಲ್ಲಿ ನಡೆಯದು. ತಂಪು ಬೇಕು, ಗಾಳಿಯೂ ಬೇಕು.

2017ರಲ್ಲಿ ಕೋಹೆನ್ ಸಂಸ್ಥೆಯವರು ಚಿತ್ರವನ್ನು ಹೊಸದಾಗಿ ಶುದ್ಧಗೊಳಿಸಿ ಬ್ಲೂ-ರೇ ತಟ್ಟೆಯಲ್ಲಿ ತಂದರು. ಮೋಂಬತ್ತಿಯ ಬೆಳಕಿನಲ್ಲಿ ಗೋಡೆಯ ಮೇಲಾಡುವ ನೆರಳುಗಳು ಈಗ ನಿಚ್ಚಳವಾಗಿ ಕಾಣುತ್ತವೆ. 72 ನಿಮಿಷವಷ್ಟೇ, ನಿದ್ದೆ ಕೆಡುವ ಚಿಂತೆಯಿಲ್ಲ.

ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಇದಕ್ಕಿಂತ ಎರಡೇ ವರ್ಷ ಚಿಕ್ಕದು, 1934ರದು. ಅದರ ಒಂದು ಪ್ರತಿಯೂ ಉಳಿದಿಲ್ಲ. ಇನ್ನು ಅದರ ಬಗ್ಗೆ ಓದಬಹುದು, ನೋಡುವಂತಿಲ್ಲ.

ಆದ್ದರಿಂದ ಒಂದು ವಿನಂತಿ. ಸಂಘದ ಹಳೆಯ ಯುಗಾದಿ, ರಾಜ್ಯೋತ್ಸವಗಳ ಸೂಪರ್ 8 ಸುರುಳಿಗಳು ನಿಮ್ಮ ಅಟ್ಟದಲ್ಲಿದ್ದರೆ, ಡಬ್ಬಿ ತೆರೆದು ಮೂಸಿ ನೋಡಿ. ಅವು ಹೆಚ್ಚಾಗಿ ಅಸಿಟೇಟ್ ಫಿಲ್ಮು. ನೈಟ್ರೇಟಿನಷ್ಟು ಬೆಂಕಿಯ ಭಯವಿಲ್ಲ. ಆದರೆ ವಿನೆಗರ್ ವಾಸನೆ ಬಂದರೆ ಕೇಡು ಶುರುವಾಗಿದೆ ಎಂದರ್ಥ. ತಡಮಾಡದೆ ಪ್ರತಿ ಮಾಡಿಸಿ, ಮುಂದಿನ ಕೂಟಕ್ಕೆ ತನ್ನಿ. ಎಲ್ಲರೂ ಸೇರಿ ನೋಡೋಣ.