ಮೊದಲ ಟೆಸ್ಟ್ ಅವನಿಗೂ ಆಗ್ಲಿ (ಭಾಗ 4)

ಮದುವೆಯಾಗಿ ಎರಡು ವರ್ಷ ಆದ್ರೆ ಸಾಕು, "ಏನಮ್ಮಾ, ವಿಶೇಷ ಏನಾದ್ರೂ ಇದ್ಯಾ?" ಅಂತ ಹುಡುಗಿನೇ ಕೇಳ್ತಾರೆ. ನಮ್ಮ ಮಾತಲ್ಲೂ ಅಷ್ಟೇ. ಅವಳಿಗೆ 'ಬಂಜೆ' ಅನ್ನೋ ಪದ ರೆಡಿ ಇದೆ. ಅವನ ವಿಷಯ ಬಂದ್ರೆ "ಗಂಡಸೇ ಅಲ್ಲ" ಅಂತಾರೆ. ಎರಡೂ ತಪ್ಪು. ಲೈಂಗಿಕ ಶಕ್ತಿ ಬೇರೆ, ವೀರ್ಯಾಣು ಸಂಖ್ಯೆ ಬೇರೆ. ಎಲ್ಲಾ ಸರಿ ಇರೋ ಗಂಡಸಿನ ವೀರ್ಯದಲ್ಲೂ ಒಂದೂ ವೀರ್ಯಾಣು ಇಲ್ಲದಿರಬಹುದು. ನೋಡಿದ್ರೆ ಗೊತ್ತಾಗಲ್ಲ, ಟೆಸ್ಟ್ ಮಾಡಿದ್ರೆ ಗೊತ್ತಾಗುತ್ತೆ.

👉 ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಕಾರಣವೂ ಇರುತ್ತೆ. ಆದ್ರೂ ಸ್ಕ್ಯಾನು, ಮಾತ್ರೆ, ಹರಕೆ, ಉಪವಾಸ ಎಲ್ಲಾ ಅವಳಿಗೇ. ಕುಕ್ಕೆಗೆ ಹೋಗಿ ಬನ್ನಿ, ಬೇಡ ಅನ್ನಲ್ಲ. ಜೊತೆಗೆ ಲ್ಯಾಬಿಗೂ ಹೋಗಿ ಬನ್ನಿ. ವೀರ್ಯ ಪರೀಕ್ಷೆಗೆ ಒಂದು ಸೂಜಿನೂ ಚುಚ್ಚಲ್ಲ! ಮೊದಲ ರಿಪೋರ್ಟ್ ಸರಿ ಬರದಿದ್ರೆ ಅದೇ ಕೊನೆ ಅಲ್ಲ, ಇನ್ನೊಮ್ಮೆ ಮಾಡಿಸ್ತಾರೆ.

👉 ಚಿಕಿತ್ಸೆ ಇದ್ಯಾ? ತುಂಬಾ ಜನಕ್ಕೆ ಇದೆ. ವೃಷಣದ ರಕ್ತನಾಳ ಊದಿಕೊಂಡಿದ್ರೆ (ವೆರಿಕೋಸೀಲ್) ಸಣ್ಣ ಆಪರೇಷನ್ ಕೆಲವರಿಗೆ ಸಹಾಯ ಮಾಡುತ್ತೆ. ಹಾರ್ಮೋನ್ ಕೊರತೆ ಇದ್ರೆ ಇಂಜೆಕ್ಷನ್. ದಾರಿ ಕಟ್ಟಿಕೊಂಡಿದ್ರೆ ವೃಷಣದಿಂದಲೇ ವೀರ್ಯಾಣು ತೆಗೀತಾರೆ. ಸಂಖ್ಯೆ ತೀರಾ ಕಡಿಮೆ ಇದ್ರೆ ಇಕ್ಸಿ: ಒಂದೇ ವೀರ್ಯಾಣುವನ್ನ ನೇರವಾಗಿ ಅಂಡಾಣುವಿನೊಳಗೆ ಸೇರಿಸೋದು. 1992ರಿಂದ ಇದು ಬಳಕೆಯಲ್ಲಿದೆ.

ಆದ್ರೆ ಒಂದು ವಿಷಯ ಗಮನಿಸಿ. ಇಕ್ಸಿ ಮಾಡುವಾಗ ದಿನಾ ಹಾರ್ಮೋನ್ ಇಂಜೆಕ್ಷನ್ ತಗೊಳ್ಳೋದು ಅವಳು. ಅಂಡಾಣು ತೆಗೆಸಿಕೊಳ್ಳೋದೂ ಅವಳೇ. ಸಮಸ್ಯೆ ಅವನದು, ನೋವು ಅವಳದು. ಅದಕ್ಕೇ ನಾನು ಹೇಳೋದು, ಅವನ ಟೆಸ್ಟ್, ಅವನ ಚಿಕಿತ್ಸೆ ಮೊದಲೇ ಆಗ್ಬೇಕು. ಐವಿಎಫ್ ಬೋರ್ಡುಗಳು ಎಲ್ಲಾ ಊರಲ್ಲೂ ಎದ್ದಿವೆ. "ಗಂಡನ ಟೆಸ್ಟ್ ಆಯ್ತಾ?" ಅಂತ ಮೊದಲು ಕೇಳದ ಕಡೆ ದುಡ್ಡು ಕಟ್ಟಬೇಡಿ. 2021ರ ಕಾಯ್ದೆ ಪ್ರಕಾರ ಇಂಥ ಕ್ಲಿನಿಕ್ ನೋಂದಣಿ ಆಗಿರಲೇಬೇಕು, ಅದನ್ನೂ ಕೇಳಿ.

👉 ಜಿಮ್ ಹುಡುಗ್ರೇ, ಇದು ನಿಮಗೆ: ಬಾಡಿ ಬೆಳೆಸೋಕೆ ಅಂತ ಟೆಸ್ಟೋಸ್ಟೆರಾನ್ ಚುಚ್ಚಿಸಿಕೊಂಡ್ರೆ ವೀರ್ಯಾಣು ಉತ್ಪಾದನೆ ನಿಂತೇ ಹೋಗಬಹುದು. ಬಿಟ್ಟ ಮೇಲೂ ಸರಿ ಹೋಗೋಕೆ ತಿಂಗಳುಗಟ್ಟಲೆ ಬೇಕು. ಸಿಗರೇಟು, ಗುಟ್ಕಾನೂ ಒಳ್ಳೇದಲ್ಲ.

ಒಂದು ವರ್ಷ ಪ್ರಯತ್ನಪಟ್ಟರೂ ಆಗಿಲ್ವಾ? ಹೆಂಡತಿಗೆ 35 ದಾಟಿದ್ರೆ ಆರೇ ತಿಂಗಳು. ಇಬ್ಬರೂ ಒಟ್ಟಿಗೆ ಡಾಕ್ಟರ್ ಹತ್ರ ಹೋಗಿ. "ನನ್ನ ಟೆಸ್ಟ್ ಮೊದಲು ಮಾಡಿ" ಅಂತ ಹೇಳೋನೇ ನನ್ನ ಪ್ರಕಾರ ಗಂಡಸು.

ನಿಮ್ಮ ಅಣ್ಣಂಗೋ ಫ್ರೆಂಡ್‌ಗೋ ಇದನ್ನ ಕಳಿಸಿ. ಕಾಮೆಂಟಲ್ಲಿ ಕೇಳೋಕೆ ಮುಜುಗರ ಆದ್ರೆ ಮೆಸೇಜ್ ಮಾಡಿ 🙏

#ಗಂಡಸರ_ಆರೋಗ್ಯ #ಬಂಜೆತನ #ಮಾತಾಡೋಣ