ಮೂಲಿಕೆಯ ಮದ್ದು ಮತ್ತು ಶೂನ್ಯದೋಷ

ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಸ್ಕ್ರೂಗೇಜನ್ನು ಕೈಗೆತ್ತಿಕೊಂಡ ವಿದ್ಯಾರ್ಥಿಯು ಮೊದಲು ನೋಡಬೇಕಾದದ್ದು ಅದರ ಶೂನ್ಯದೋಷವನ್ನು. ನಡುವೆ ಯಾವ ವಸ್ತುವೂ ಇಲ್ಲದಿರುವಾಗಲೇ ಉಪಕರಣವು ಏನನ್ನೋ ತೋರಿಸುತ್ತಿದ್ದರೆ, ಅಷ್ಟನ್ನು ಕಳೆಯದೆ ತಂತಿಯ ದಪ್ಪವನ್ನು ಹೇಳುವಂತಿಲ್ಲ. ಔಷಧಗಳ ವಿಷಯದಲ್ಲಿಯೂ ಈ ನಿಯಮವು ಅಷ್ಟೇ ಕಟ್ಟುನಿಟ್ಟಾಗಿ ಸಲ್ಲತಕ್ಕದ್ದೆಂಬುದು ನನ್ನ ಅಭಿಪ್ರಾಯ. ಪ್ರಾಸ್ಟೇಟ್ ಗ್ರಂಥಿಯ ಊತಕ್ಕೆ ಮದ್ದೆಂದು ಹೆಸರಾದ ಒಂದು ಮೂಲಿಕೆಯ ವೃತ್ತಾಂತವು ಇದಕ್ಕೆ ತಕ್ಕ ನಿದರ್ಶನವಾಗಿದೆ.

ಈ ಗ್ರಂಥಿಯು ಪುರುಷರಲ್ಲಿ ಮೂತ್ರಾಶಯದ ಬುಡದಲ್ಲಿ, ಮೂತ್ರನಾಳವನ್ನು ಉಂಗುರದಂತೆ ಸುತ್ತುವರಿದಿದೆ. ತಾರುಣ್ಯದಲ್ಲಿ ಇದರ ತೂಕ ಸುಮಾರು 20 ಗ್ರಾಂ. ವಯಸ್ಸಾದಂತೆ ಇದು ಬೆಳೆದು ನಾಳವನ್ನು ಅದುಮತೊಡಗುತ್ತದೆ. ನಾಳದ ತ್ರಿಜ್ಯವು ಅರ್ಧವಾದರೆ ಪ್ರವಾಹವು ಹದಿನಾರನೆಯ ಒಂದು ಪಾಲಿಗೆ ಇಳಿಯುವುದೆಂದು ಪ್ವಾಸೆಯ್ ನಿಯಮವನ್ನು ಓದಿದವರು ಬಲ್ಲರು. ದೇಹದ ಮೆತುವಾದ ನಾಳಕ್ಕೆ ಆ ಲೆಕ್ಕವು ಯಥಾವತ್ತಾಗಿ ಹೊಂದದು. ಆದರೂ ಅಲ್ಪ ಸಂಕೋಚವೂ ಎಷ್ಟು ತೊಂದರೆ ಮಾಡಬಲ್ಲುದೆಂಬುದನ್ನು ಅದು ಸೂಚಿಸುತ್ತದೆ. ಇದು ಕ್ಯಾನ್ಸರ್ ಅಲ್ಲ. ಆದರೆ ರಾತ್ರಿ ನಾಲ್ಕು ಬಾರಿ ಏಳಬೇಕಾದ ವೃದ್ಧನಿಗೆ ನಿದ್ರೆಯೇ ದುರ್ಲಭ. ನಿಮ್ಮ ಮನೆಯ ಅಜ್ಜಂದಿರು ಇದನ್ನು ಸಂಕೋಚದಿಂದ ಹೇಳಿಕೊಳ್ಳದೆಯೂ ಇರಬಹುದು.

ಅಮೆರಿಕದ ಫ್ಲಾರಿಡ, ಜಾರ್ಜಿಯ ಪ್ರಾಂತಗಳಲ್ಲಿ ಸಾ ಪಾಮೆಟೊ ಎಂಬ ಕುಳ್ಳು ತಾಳೆಯೊಂದು ಬೆಳೆಯುತ್ತದೆ. ಎಲೆಯ ತೊಟ್ಟಿನಲ್ಲಿ ಗರಗಸದ ಹಲ್ಲುಗಳಂತಹ ಮುಳ್ಳುಗಳಿರುವುದರಿಂದ ಅದಕ್ಕೆ ಆ ಹೆಸರು. ಅದರ ಹಣ್ಣಿನ ಎಣ್ಣೆಯಂತಹ ಸಾರವನ್ನು ಈ ಬಾಧೆಗೆ ಮದ್ದೆಂದು ಮಾರುತ್ತಾರೆ. ಈ ನಂಬಿಕೆ ನಿರಾಧಾರವೇನೂ ಆಗಿರಲಿಲ್ಲ. ಗ್ರಂಥಿಯ ಬೆಳವಣಿಗೆಯನ್ನು ಪ್ರಚೋದಿಸುವ ಹಾರ್ಮೋನು ಒಂದು ಕಿಣ್ವದ ನೆರವಿನಿಂದ ಹುಟ್ಟುತ್ತದೆ. ಅಮೆರಿಕದಲ್ಲಿ 1992ರಲ್ಲಿ ಅನುಮತಿ ಪಡೆದ ಫಿನಾಸ್ಟರೈಡ್ ಆ ಕಿಣ್ವವನ್ನೇ ತಡೆಯುವ ಔಷಧ. ಪ್ರನಾಳದಲ್ಲಿ ಈ ಸಾರವೂ ಅದೇ ಗುಣವನ್ನು ತೋರಿತ್ತು. 1998ರಲ್ಲಿ 18 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಪಂಡಿತರು ಗುಣವುಂಟೆಂದೇ ಹೇಳಿದರು. ಆದರೆ ಆ ಪ್ರಯೋಗಗಳಲ್ಲಿ ಬಹುಪಾಲು ಅಲ್ಪಾವಧಿಯವು.

ಅನಂತರ ಬಂದುವು ಎರಡು ದೊಡ್ಡ ಪರೀಕ್ಷೆಗಳು. ರೋಗಿಯ ಬಾಧೆಯನ್ನು ಏಳು ಪ್ರಶ್ನೆಗಳಿಂದ 0ಯಿಂದ 35ರವರೆಗಿನ ಅಂಕಗಳಲ್ಲಿ ಅಳೆಯುವ ಪದ್ಧತಿಯುಂಟು. 2006ರ ಪರೀಕ್ಷೆಯಲ್ಲಿ 225 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸಾರವನ್ನೂ ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ ಹುಸಿಗುಳಿಗೆಯನ್ನೂ ಒಂದು ವರ್ಷ ಕೊಟ್ಟರು. ವ್ಯತ್ಯಾಸವೇನೂ ಕಾಣಲಿಲ್ಲ. ತಾವು ಸೇವಿಸುತ್ತಿರುವುದು ನಿಜವಾದ ಸಾರವೆಂದು ನಂಬಿದವರು ಮೊದಲ ಗುಂಪಿನಲ್ಲಿ ಶೇಕಡ 40, ಹುಸಿಗುಳಿಗೆಯವರಲ್ಲಿ ಶೇಕಡ 46! 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 369 ಮಂದಿಗೆ 72 ವಾರಗಳ ಅವಧಿಯಲ್ಲಿ ಪ್ರಮಾಣವನ್ನು ಮೂರು ಪಟ್ಟಿನವರೆಗೆ ಏರಿಸಿದರು. ಸಾರವನ್ನು ಸೇವಿಸಿದವರ ಅಂಕ ಸರಾಸರಿ 2.20ರಷ್ಟು ಇಳಿಯಿತು, ಹುಸಿಗುಳಿಗೆಯವರದು 2.99ರಷ್ಟು.

ಏನೂ ಇಲ್ಲದ ಗುಳಿಗೆಯಿಂದ ಸುಮಾರು ಮೂರು ಅಂಕ! ನಾನು ಶೂನ್ಯದೋಷವೆಂದದ್ದು ಇದನ್ನೇ. ಈ ಬಾಧೆ ತಾನಾಗಿಯೇ ಏರಿಳಿಯುತ್ತದೆ. ಏರಿದಾಗಲೇ ರೋಗಿ ಮದ್ದನ್ನು ಅರಸಿ ಬರುತ್ತಾನೆ, ಆದುದರಿಂದ ಮುಂದೆ ಇಳಿಯುವುದೇ ಹೆಚ್ಚು ಸಂಭವ. ಆರೈಕೆ ದೊರೆತುದರ ಸಮಾಧಾನವೂ ಇದಕ್ಕೆ ಸೇರುತ್ತದೆ. “ನನಗೆ ಗುಣವಾಯಿತು” ಎನ್ನುವಾತನು ಸುಳ್ಳು ಹೇಳುತ್ತಿಲ್ಲ. ಆತನು ಕಳೆಯಬೇಕಾದುದನ್ನು ಕಳೆದಿಲ್ಲ, ಅಷ್ಟೆ.

ಇದನ್ನು ಮೂಲಿಕೆಗಳ ತಿರಸ್ಕಾರವೆಂದು ಯಾರೂ ತಿಳಿಯಬಾರದು. ಮಲೇರಿಯಕ್ಕೆ ಮದ್ದಾದ ಆರ್ಟಿಮಿಸಿನಿನ್ ಚೀನದ ಒಂದು ಗಿಡದಿಂದಲೇ ದೊರೆಯಿತು; ಅದಕ್ಕಾಗಿ ಟು ಯೂಯೂ ಅವರಿಗೆ 2015ರ ನೊಬೆಲ್ ಪಾರಿತೋಷಕ ಸಂದಿತು. ಪ್ರಾಸ್ಟೇಟಿನ ಬಾಧೆಗೇ ಬೀಟಾ-ಸಿಟೊಸ್ಟೆರಾಲ್ ಎಂಬ ಸಸ್ಯಜನ್ಯ ವಸ್ತುವನ್ನು 200 ಮಂದಿಯ ಮೇಲೆ ಆರು ತಿಂಗಳು ಪರೀಕ್ಷಿಸಿ 1995ರಲ್ಲಿ ಪ್ರಕಟಿಸಿದ ಜರ್ಮನಿಯ ವರದಿಯಲ್ಲಿ, ಹುಸಿಗುಳಿಗೆಗಿಂತ ಸ್ಪಷ್ಟವಾದ ಗುಣ ಕಂಡಿತ್ತು. ಇಂತಹುದನ್ನು ಇನ್ನೂ ದೀರ್ಘಕಾಲ ಪರೀಕ್ಷಿಸುವುದು ಯೋಗ್ಯ. ಮೂತ್ರದ ತೊಂದರೆಗಳಿಗೆ ಆಯುರ್ವೇದವು ಹೇಳುವ ನೆಗ್ಗಿಲು, ವರುಣದ ತೊಗಟೆ ಮುಂತಾದುವನ್ನೂ ಇದೇ ಅಳತೆಗೋಲಿಗೆ ಒಡ್ಡಬೇಕು. ನಮ್ಮವೆಂಬ ಕಾರಣಕ್ಕೆ ಅವುಗಳಿಗೆ ರಿಯಾಯಿತಿ ಸಲ್ಲದು.

ಅಲ್ಲಿಯವರೆಗೆ, ಮೂತ್ರ ಕಟ್ಟಿದರೆ ಅಥವಾ ಅದರಲ್ಲಿ ರಕ್ತ ಕಂಡರೆ ಮೂಲಿಕೆಯನ್ನು ನಂಬಿ ಕಾಯುವುದು ಅಪಾಯಕರ. ತಡೆಯು ಬಹುಕಾಲ ಉಳಿದರೆ ಮೂತ್ರಪಿಂಡಗಳೇ ಕೆಡಬಹುದು. ರಕ್ತವು ಕ್ಯಾನ್ಸರಿನ ಸೂಚನೆಯೂ ಆಗಿರಬಹುದು. ವೈದ್ಯರಲ್ಲಿಗೆ ಹೋದಾಗ, ಸೇವಿಸುತ್ತಿರುವ ಮೂಲಿಕೆಯ ಹೆಸರನ್ನೂ ಮುಚ್ಚಿಡದೆ ಹೇಳತಕ್ಕದ್ದು.